ಹೆಸರು ಹಿಡಿದು ಕರೆಯುವ ಹುಡುಗಿ

ಗೌತಮಿ ಒಳ್ಳೆಯ ಹುಡುಗಿ. ಬೋಗಾದಿಯ ನಮ್ಮ ಬಡಾವಣೆಯಲ್ಲಿ ಯಾರನ್ನು ಕೇಳಿದರೂ ಹಾಗೇ ಹೇಳುತ್ತಾರೆ. ನನ್ನನ್ನು ಕೇಳಿದರೂ ಹಾಗೇ ಹೇಳುತ್ತೇನೆ, ಆದರೆ ಹಲ್ಲು ಕಡಿದುಕೊಂಡು ಹೇಳುತ್ತೇನೆ. ನನ್ನ ಗಂಡನಿಗೆ ಪಾರ್ಶ್ವವಾಯು ಹೊಡೆದು ಮಾತು ನಿಂತುಹೋದ ಮೇಲೆ, ಅದನ್ನು ಮತ್ತೆ ಬರಿಸಲು ನಮ್ಮ ಮನೆಗೆ ಬಂದವಳು ಅವಳು. ಮಾತೇನೋ ಒಂದೊಂದಾಗಿ ಬಂತು. ಬಂದದ್ದೆಲ್ಲ ಅವಳ ಜೊತೆಗೇ ಆಯಿತು. ನಾನು ಅಡಿಗೆಮನೆ ಬಾಗಿಲಲ್ಲಿ ಒಗ್ಗರಣೆ ಸೌಟು ಹಿಡಿದು ನಿಂತು ನೋಡುವವಳಾದೆ. ಹೊಟ್ಟೆ ಉರಿಯದೆ ಇರುತ್ತದೆಯೆ?

ನಾನು ಪಂಕಜಾ. ಯಜಮಾನರು ಪೋಸ್ಟ್‌ಮಾಸ್ಟರ್ ಆಗಿದ್ದು ನಿವೃತ್ತರಾದವರು. ಅವರ ತಾತ ಅರಮನೆಯ ಉಗ್ರಾಣ ನೋಡಿಕೊಳ್ಳುತ್ತಿದ್ದರಂತೆ, ಆ ಠೀವಿ ಮೊಮ್ಮಗನವರೆಗೂ ಇಳಿದು ಬಂದಿದೆ. ಕೌಂಟರಿನಾಚೆಯವರನ್ನು ಗದರಿಸಿ ಗದರಿಸಿ ಅಭ್ಯಾಸವಾದ ಗಂಟಲು ಮನೆಯಲ್ಲೂ ತಗ್ಗುತ್ತಿರಲಿಲ್ಲ. ಕಾಫಿ ಆರಿದ್ದರೆ ಒಂದು ಮಾತು, ಪೇಪರು ಅಡ್ಡಾದಿಡ್ಡಿ ಮಡಿಚಿದ್ದರೆ ಒಂದು ಮಾತು. ಒಂದು ಬೆಳಿಗ್ಗೆ ಬಲಗೈ ಜೋತುಬಿತ್ತು, ಬಾಯಿ ಓರೆಯಾಯಿತು, ಮಾತು ಹೋಯಿತು. ಆಸ್ಪತ್ರೆಯಿಂದ ಮನೆಗೆ ಕರೆತಂದಾಗ ನಾವು ಹೇಳಿದ್ದು ಅವರಿಗೆ ತಿಳಿಯುತ್ತಿತ್ತು, ಅವರು ಹೇಳಬೇಕೆಂದದ್ದು ಹೊರಗೆ ಬರುತ್ತಿರಲಿಲ್ಲ. ಎಡಗೈಯಿಂದ ಮಂಚ ಗುದ್ದುತ್ತಿದ್ದರು. ಬೈಯುವುದಕ್ಕಾದರೂ ಬಾಯಿ ಬರಲಪ್ಪಾ ಎಂದು ದೇವರ ಮುಂದೆ ಕೂತು ನಾನು ಅತ್ತದ್ದುಂಟು.

ನಮ್ಮ ಮಗ ಸುಪ್ರೀತ್ ಇಲ್ಲೇ ಮೈಸೂರಿನ ಕೋರ್ಟಿನಲ್ಲಿ ವಕೀಲ, ನಮ್ಮ ಜೊತೆಗೇ ಇದ್ದಾನೆ. ಅವನು ವಿಚಾರಿಸಿ ಸಮನ್ವಿತಾ ಎಂಬ ವಾಕ್ ಚಿಕಿತ್ಸಕಿಯನ್ನು ಕರೆದುಕೊಂಡು ಬಂದ. ಅವಳು ನಮ್ಮವರ ಪೈಕಿಯೇ, ಸರಸ್ವತಿಪುರಂನಲ್ಲಿ ಕ್ಲಿನಿಕ್ ಇಟ್ಟುಕೊಂಡಿದ್ದಾಳೆ. ಯಜಮಾನರನ್ನು ಎರಡು ಬೆಳಿಗ್ಗೆ ಪರೀಕ್ಷೆ ಮಾಡಿ, ಇವರಿಗೆ ದಿನವೂ ಅಭ್ಯಾಸ ಆಗಬೇಕು, ದಿನವೂ ಬರಲು ನನಗಾಗುವುದಿಲ್ಲ, ನನ್ನ ಸಹಾಯಕಿ ಬರುತ್ತಾಳೆ ಎಂದಳು. ಮೊದಮೊದಲು ನಾನೂ ಪಕ್ಕದಲ್ಲೇ ಕೂರುವೆ, ಆಮೇಲೆ ಆಗಾಗ ಬಂದು ನೋಡುವೆ, ಬರದ ದಿನ ಕೆಲವು ಸಲ ಫೋನಿನ ಕ್ಯಾಮೆರಾದಲ್ಲಿ ನೋಡುವೆ, ನಾನು ಹಾಕಿಕೊಟ್ಟ ಪಾಠ ಬಿಟ್ಟು ಅವಳು ಒಂದು ಪದವನ್ನೂ ಸೇರಿಸುವ ಹಾಗಿಲ್ಲ ಎಂದೂ ಹೇಳಿದಳು. ಡಾಕ್ಟರನ್ನು ಕೇಳಿದರೆ ಕಾಂಪೌಂಡರನ್ನು ಕಳಿಸಿದ ಹಾಗಾಯಿತಲ್ಲ ಎಂದು ನಾನು ಮೂಗು ಮುರಿದೆ. ಆ ಕಾಂಪೌಂಡರೇ ಗೌತಮಿ.

ಕುಂಬಾರಕೊಪ್ಪಲಿನ ಹುಡುಗಿ. ಸ್ಕೂಟರು ಗೇಟಿನಾಚೆ ನಿಲ್ಲಿಸಿ, ಕೈಕಾಲು ತೊಳೆದು, ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು ಒಳಗೆ ಬರುತ್ತಿದ್ದಳು. ಅವರಪ್ಪ ಶಿವರಾಮು ಕಟ್ಟಡಗಳಿಗೆ ಪೇಂಟು ಹೊಡೆಯುವವರು. ನಮ್ಮ ಹಿಂದಿನ ರಸ್ತೆಯ ಅಪಾರ್ಟ್‌ಮೆಂಟಿನ ಮೇಲೆ ಹಗ್ಗ ಕಟ್ಟಿಕೊಂಡು ನೇತಾಡುತ್ತಿದ್ದವರು ಅವರೇ ಎಂದು ಆಮೇಲೆ ಗೊತ್ತಾಯಿತು. ಮನೆಯಲ್ಲಿ ಅಜ್ಜಿ ಚಿಕ್ಕಮಾದಮ್ಮ, ಗೋಡೆಯ ಮೇಲೆ ಬುದ್ಧನ ಪಟ. ಅಜ್ಜಿ ಬೀದಿಗೆಲ್ಲ ಕೇಳುವ ಹಾಗೆ ಮಾತಾಡುವವಳಂತೆ. ಮೊಮ್ಮಗಳು ಮಾತ್ರ ಅಳೆದು ತೂಗಿ ಮಾತಾಡುತ್ತಾಳೆ. ಹೀಗೇಕೆ ಬಾಯಿಗೆ ಬೀಗ ಹಾಕಿಕೊಂಡಿದ್ದೀಯ ಎಂದು ಒಂದು ದಿನ ಕಾಫಿ ಕೊಟ್ಟು ಕೇಳಿದೆ. ಆಗ ಹೇಳಿದಳು.

ಪಿಯುಸಿ ಮುಗಿದ ಮೇಲೆ ಅವಳು ಮಕ್ಕಳಿಗೆ ಮಾತು ಕಲಿಸುವ ಒಂದು ಕ್ಲಿನಿಕ್ಕಿನಲ್ಲಿ ಆಯಾ ಆಗಿ ಕೆಲಸಕ್ಕೆ ಸೇರಿದ್ದಳು. ಆಟದ ಸಾಮಾನು ಒರೆಸುವುದು, ಚಿತ್ರದ ಕಾರ್ಡು ಜೋಡಿಸಿಡುವುದು, ಅಳುವ ಮಗುವನ್ನು ತಾಯಿಯ ಕಂಕುಳಿಂದ ಇಳಿಸಿಕೊಂಡು ಒಳಗೆ ಬಿಡುವುದು. ಅಷ್ಟೇ ಕೆಲಸ, ಪಾಠದ ಸುದ್ದಿಗೆ ಹೋಗುವ ಹಾಗಿಲ್ಲ. ಒಬ್ಬ ತಾಯಿ ಹೊರಗೆ ಬೆಂಚಿನ ಮೇಲೆ ಕೂತು, ನನ್ನ ಮಗ ಮಾತಾಡುತ್ತಾನಾ ಎಂದು ಇವಳನ್ನೇ ಕೇಳಿದಳಂತೆ. “ಮಾತಾಡ್ತಾನೆ ಬುಡಿ ಅಕ್ಕ” ಎಂದು ಇವಳು ಸಮಾಧಾನಕ್ಕೆ ಹೇಳಿಬಿಟ್ಟಳು. ಆ ತಾಯಿ ಊರಿಗೆಲ್ಲ ಸಿಹಿ ಹಂಚಿಬಿಟ್ಟಳು. ಆ ಮಗುವಿಗೆ ಮಾತು ಬರುವ ಲಕ್ಷಣ ಇರಲಿಲ್ಲ. ಕ್ಲಿನಿಕ್ಕಿನ ಮೇಡಂ ಇವಳಿಗೆ ಚೆನ್ನಾಗಿ ಉಗಿದರು. ಹಾಗಾದರೆ ಏನು ಓದಿದರೆ ನಾನು ಹೇಳಬಹುದು ಎಂದು ಇವಳು ಅಳುತ್ತಲೇ ಕೇಳಿದಳಂತೆ. ಒಂದು ವರ್ಷದ ಡಿಪ್ಲೊಮಾ ಮಾಡಿದರೆ ಪಾಠ ಮಾಡಿಸಬಹುದು, ಅದೂ ಮೇಲಿನವರ ಕಣ್ಣಳತೆಯಲ್ಲಿ. ಗುಣವಾಗುತ್ತದೋ ಇಲ್ಲವೋ ಹೇಳುವುದು ಆಗಲೂ ನಿನ್ನ ಕೆಲಸವಲ್ಲ ಎಂದರು. ಇವಳು ಆ ಡಿಪ್ಲೊಮಾ ಮಾಡಿದಳು. ಓದಿ ಮುಗಿಸಿ, ಸಮನ್ವಿತಾಳ ಕೈಕೆಳಗೆ ಸೇರಿ, ನಮ್ಮ ಮನೆಗೆ ಬಂದಳು.

ಕೇಳಿ ಅಯ್ಯೋ ಪಾಪ ಅನ್ನಿಸಿತು. ಆದರೆ ಹೊಟ್ಟೆಕಿಚ್ಚು ಅದಕ್ಕೆಲ್ಲ ತಣ್ಣಗಾಗುವ ಪೈಕಿಯಲ್ಲ.

ಅದು ಹತ್ತಿಕೊಂಡದ್ದು ಮೊದಲ ದಿನವೇ. ಅವರ ಎದುರಿಗೆ ಕುರ್ಚಿ ಹಾಕಿಕೊಂಡು ಕೂತಳು. ಸಮನ್ವಿತಾ ಮೂಲೆಯಲ್ಲಿದ್ದಳು. ನಾನು ಕಾಫಿ ಹಿಡಿದು ಬರುತ್ತಿದ್ದೆ. ಗೌತಮಿ ಮುಂದಕ್ಕೆ ಬಾಗಿ, “ಬಿಂದುಮಾಧವ ಸರ್, ಇಲ್ಲಿ ನೋಡಿ” ಎಂದಳು. ತಟ್ಟೆಯಲ್ಲಿದ್ದ ಲೋಟ ತುಳುಕಿತು.

ಆ ಹೆಸರನ್ನು ನಾನು ಜನ್ಮದಲ್ಲಿ ಬಾಯಿಬಿಟ್ಟು ಹೇಳಿದವಳಲ್ಲ. ನಮ್ಮ ಕಾಲದಲ್ಲಿ ಗಂಡನ ಹೆಸರು ಹೇಳಿದರೆ ಅವರ ಆಯುಸ್ಸು ಕಡಿಮೆಯಾಗುತ್ತದೆ ಎಂದು ಹೆದರಿಸಿಟ್ಟಿದ್ದರು. ಈಗಿನವರು ನಗುತ್ತಾರೆ, ನಗಲಿ. ಅದೇ ಹೆಸರಿನ ದೇವರು ಕಾಶಿಯಲ್ಲಿದ್ದಾನೆ. ಕಾಶಿಗೆ ಹೋಗಿದ್ದಾಗ, ಇವರು ಜೊತೆಗಿಲ್ಲದ ಹೊತ್ತಿನಲ್ಲಿ, ಆಟೋದವನಿಗೆ ಆ ಗುಡಿಯ ಹೆಸರು ಹೇಳಲಾಗದೆ, ಹಿಂದಿಯೂ ಬರದೆ, ಗುಡಿಯ ದಿಕ್ಕನ್ನು ಬೆರಳಲ್ಲಿ ತೋರಿಸಿ ತೋರಿಸಿ ಸಾಕಾಗಿತ್ತು. ಇವರು ಹುಷಾರು ತಪ್ಪಿದ ಮೇಲೆ ಚಾಮುಂಡಿ ಬೆಟ್ಟಕ್ಕೆ ಒಬ್ಬಳೇ ಹೋಗಿದ್ದೆ. ಅರ್ಚನೆಗೆ ಹೆಸರು ಹೇಳಿ ಎಂದರು ಅರ್ಚಕರು. ಹಿಂದೆ ಸಾಲು ಕಾಯುತ್ತಿದೆ, ಗಂಟಲಿಗೆ ಬಂದದ್ದು ನಾಲಿಗೆಗೆ ಬರಲಿಲ್ಲ. ಮಗನ ಹೆಸರಲ್ಲಿ ಅರ್ಚನೆ ಮಾಡಿಸಿ ಇಳಿದು ಬಂದೆ. ಅಂಥ ಹೆಸರನ್ನು ಈ ಹುಡುಗಿ ಸೊಪ್ಪಿನವಳನ್ನು ಕೂಗಿ ನಿಲ್ಲಿಸುವ ಹಾಗೆ ಕೂಗುತ್ತಾಳೆ. ಅದಕ್ಕಿಂತ ಹೆಚ್ಚಿನದೆಂದರೆ, ಇವರು ತಿರುಗಿ ನೋಡುತ್ತಾರೆ. ಕಣ್ಣು ಅವಳ ಮುಖದ ಮೇಲೆ ನೆಟ್ಟು ಕೂರುತ್ತಾರೆ.

ಅವತ್ತೇ ಸಮನ್ವಿತಾಳನ್ನು ಗೇಟಿನ ಹತ್ತಿರ ನಿಲ್ಲಿಸಿಕೊಂಡೆ. ಅವಳಿಗೆ ಬೇರೆ ಏನಾದರೂ ಅಂತ ಕರೆಯಲು ಹೇಳಮ್ಮ, ಅಂಕಲ್ ಅನ್ನಲಿ, ತಾತ ಅನ್ನಲಿ ಎಂದೆ. ಹಾಗೆ ಕರೆಯಲು ಹೇಳಿದವಳೇ ನಾನು ಎಂದಳು ಅವಳು. ಇವರ ಕಿವಿಗೆ ಮಾತು ಬೀಳುತ್ತದೆ, ಮನಸ್ಸು ಅದರ ಮೇಲೆ ನಿಲ್ಲುವುದಿಲ್ಲ. ಸ್ವಂತ ಹೆಸರು ಕೇಳಿದರೆ ಮಾತ್ರ ಮನಸ್ಸು ಒಂದು ಕಡೆಗೆ ಬರುತ್ತದೆ. ಆದ್ದರಿಂದ ಮೊದಲು ಹೆಸರು, ಕಣ್ಣು ಬಂದ ಮೇಲೆ ಚಿತ್ರ, ಆಮೇಲೆ ಬಾಯಿ ಮುಚ್ಚಿಕೊಂಡು ಕಾಯುವುದು. ಈ ಕ್ರಮವನ್ನು ಸಹಾಯಕಿ ಬದಲಾಯಿಸುವ ಹಾಗಿಲ್ಲ. ಪರೀಕ್ಷೆ ಮಾಡಿ ನೋಡಿಯೇ ಇದನ್ನು ಗೊತ್ತುಮಾಡಿದ್ದೇನೆ ಎಂದಳು. ನಾನು ಮುಖ ಊದಿಸಿಕೊಂಡು ಒಳಗೆ ಬಂದೆ.

ಆಮೇಲೆ ನಾನು ಒಂದು ಉಪಾಯ ಮಾಡಿದೆ. ಗೌತಮಿ ಏನೇನು ಮಾಡುವ ಹಾಗಿಲ್ಲ ಎಂಬುದನ್ನೆಲ್ಲ ಒಂದೊಂದಾಗಿ ತಿಳಿದುಕೊಂಡೆ. ಸಮನ್ವಿತಾ ಬಂದಾಗಲೆಲ್ಲ ಇದು ಮಾಡಬಹುದಾ, ಅದು ಮಾಡಬಹುದಾ ಎಂದು ಕೆದಕುವುದು. ಅವಳೋ, ಆಂಟಿಗೆ ಎಷ್ಟು ಆಸಕ್ತಿ ಎಂದು ಖುಷಿಯಾಗಿ ಹೇಳುತ್ತಿದ್ದಳು. ಹೊಸ ಪಾಠ ಸೇರಿಸುವ ಹಾಗಿಲ್ಲ. ಯಜಮಾನರು ಹೇಗಿದ್ದಾರೆ, ಎಷ್ಟು ಸುಧಾರಿಸಿದ್ದಾರೆ ಎಂದು ನೆಂಟರಿಗೆ ಹೇಳುವ ಹಾಗಿಲ್ಲ. ಅವರಿಗೆ ತಿನ್ನಿಸುವ, ಕುಡಿಸುವ ವಿಷಯಕ್ಕಂತೂ ಕೈ ಹಾಕುವ ಹಾಗೇ ಇಲ್ಲ. ನುಂಗುವಾಗ ಗಂಟಲಿಗೆ ಸಿಕ್ಕಿದರೆ ಜೀವಕ್ಕೆ ಅಪಾಯ, ಅದನ್ನು ನೋಡುವುದು ಚಿಕಿತ್ಸಕಿಯ ಕೆಲಸ. ಈ ಕೊನೆಯದನ್ನು ಕೇಳಿದಾಗ ನನಗೆ ಹಬ್ಬವಾಯಿತು.

ಮರುದಿನ ಪಾಯಸ ಮಾಡಿದೆ. ಸಮನ್ವಿತಾ ಹೇಳಿದ್ದ ಹದಕ್ಕೆ ಗಟ್ಟಿಯಾಗಿ ಮಾಡಿ ಬಟ್ಟಲಲ್ಲಿ ತಂದು, ನಿನ್ನ ಮಾತಾದರೆ ಕೇಳುತ್ತಾರೆ, ನೀನೇ ತಿನ್ನಿಸು ತಾಯಿ ಎಂದು ಗೌತಮಿಯ ಮುಂದೆ ಹಿಡಿದೆ. ಅವಳು ಕೈ ಹಿಂದಕ್ಕೆಳೆದುಕೊಂಡು ಎದ್ದು ನಿಂತಳು. ಅದು ನಾನು ಮುಟ್ಟೋ ಕೆಲಸವಲ್ಲ, ನಿಮಗೆ ಮೇಡಂ ತೋರಿಸಿಕೊಟ್ಟಿದ್ದಾರಲ್ಲ, ನೀವೇ ತಿನ್ನಿಸಿ ಎಂದಳು. ನಾನು ಅವಳ ಕುರ್ಚಿಯಲ್ಲೇ ಕೂತು ಚಮಚ ಚಮಚವಾಗಿ ತಿನ್ನಿಸಿದೆ. ಪ್ರತಿ ತುತ್ತಿಗೂ ಗದ್ದ ತಗ್ಗಿಸಿ ನುಂಗಿ ಎಂದು ಜೋರಾಗಿ ಹೇಳಿದೆ. ಅವಳು ಗೋಡೆಗೆ ಆತು ನಿಂತು ನೋಡುತ್ತಿದ್ದಳು. ಬಹಳ ದಿನದ ಮೇಲೆ ನನಗೆ ಮನೆ ನನ್ನದು ಅನ್ನಿಸಿತು.

ಆ ಸುಖ ವಾರವೂ ಉಳಿಯಲಿಲ್ಲ. ಲೋಟ, ಕನ್ನಡಕ, ಬಾಗಿಲು ಎಂದು ಅರ್ಧಂಬರ್ಧ ಹೇಳುವಷ್ಟು ಆಗಿತ್ತು ಅವರಿಗೆ. ಒಂದು ಬೆಳಿಗ್ಗೆ ವರಾಂಡದಲ್ಲಿ ಅವರನ್ನು ಬಿಸಿಲಿಗೆ ಕೂರಿಸಿ ತಲೆ ಬಾಚುತ್ತಿದ್ದೆ. ಗೇಟಿನಾಚೆ ಸ್ಕೂಟರು ನಿಂತಿತು. “ಗೌತಮಿ” ಎಂದರು.

ಯಾರೂ ಚಿತ್ರ ತೋರಿಸಿರಲಿಲ್ಲ, ಯಾರೂ ಕೇಳಿರಲಿಲ್ಲ. ತಾವಾಗಿಯೇ ಹೇಳಿದ ಮೊದಲ ಮಾತು. ಅಷ್ಟು ಸ್ಪಷ್ಟವಾಗಿ ಹೇಳಿದ್ದರು, ಗೇಟಿನಾಚೆಯಿಂದ ಅವಳಿಗೂ ಕೇಳಿಸಿ ಅಲ್ಲಿಂದಲೇ ನಕ್ಕಳು. ಇಷ್ಟು ವರ್ಷ ಸಂಸಾರ ಮಾಡಿದವಳು ಹಿಂದೆ ಬಾಚಣಿಗೆ ಹಿಡಿದು ನಿಂತಿದ್ದೇನೆ, ಮೊನ್ನೆ ಮೊನ್ನೆ ಬಂದವಳ ಹೆಸರು ಇವರಿಗೆ ಬರುತ್ತದೆ. ಹೊಟ್ಟೆಯೊಳಗೆ ಬೆಂಕಿ ಬಿತ್ತು ಎನ್ನುತ್ತಾರಲ್ಲ, ಅದು ಸುಮ್ಮನೆ ಮಾತಿಗೆ ಹೇಳುವುದಲ್ಲ ಎಂದು ಅವತ್ತು ತಿಳಿಯಿತು.

ಪಾಠ ಮುಗಿಸಿ ಹೊರಟವಳನ್ನು ತಡೆದು ಕೇಳಿದೆ. ನಿನ್ನ ಹೆಸರು ಬಂತಲ್ಲ, ನನ್ನದು ಯಾವಾಗ ಬರುತ್ತದೆ, ಬರುತ್ತದೋ ಇಲ್ಲವೋ?

“ಅದನ್ನ ಮೇಡಂನೇ ಕೇಳ್ಬೇಕು ಕಣಮ್ಮ. ನಾನು ಹೇಳೋ ಹಾಗಿಲ್ಲ” ಎಂದಳು.

ನೀತಿ ನಿಯಮ ಎಲ್ಲ ಸರಿ ತಾಯಿ, ಒಂದು ಹೂಂ ಅಂದರೆ ನಿನ್ನ ಗಂಟೇನು ಹೋಗುತ್ತದೆ ಎಂದು ರೇಗಿದೆ. ಅವಳು ತಲೆ ತಗ್ಗಿಸಿ ಚಪ್ಪಲಿ ಹಾಕಿಕೊಂಡು ಹೋದಳು. ಆ ತಲೆ ತಗ್ಗಿಸುವುದು ಕೂಡ ನನಗೆ ಧಿಮಾಕಿನ ಹಾಗೆ ಕಂಡಿತು.

ಅದೇ ಸಮಯಕ್ಕೆ ಸಮನ್ವಿತಾ ಒಂದು ಸುದ್ದಿ ತಂದಳು. ಗೌತಮಿಗಾಗಿ ಬೇರೆ ರೋಗಿಗಳೂ ಕಾಯುತ್ತಿದ್ದಾರೆ, ಇನ್ನು ಮೇಲೆ ಅವಳು ಇಲ್ಲಿಗೆ ವಾರಕ್ಕೊಮ್ಮೆ ಬಂದರೆ ಸಾಕು, ಉಳಿದ ದಿನ ಮನೆಯವರೇ ಕೂತು ಮಾಡಿಸಬೇಕು ಎಂದಳು. ಸುಪ್ರೀತ್ ಕೋರ್ಟಿಗೆ ಹೋಗಬೇಕು. ನಾನು ಕೂರುತ್ತೇನೆ ಎಂದು ಅವಳ ಮಾತು ಮುಗಿಯುವ ಮೊದಲೇ ಹೇಳಿದೆ. ಹಾಗಾದರೆ ತರಬೇತಿ ಆಗಬೇಕು ಆಂಟಿ, ಗೌತಮಿ ಕಲಿಸುತ್ತಾಳೆ, ಕೊನೆಗೆ ನಾನು ಬಂದು ನೋಡುತ್ತೇನೆ ಎಂದಳು. ಕ್ರಮ ತಪ್ಪದೆ ಮಾಡಿಸಿದರೆ ಕುರ್ಚಿ ನಿಮ್ಮದು, ಆಗದಿದ್ದರೆ ಗೌತಮಿಯೇ ದಿನವೂ ಬರುತ್ತಾಳೆ, ಬೇರೆಯವರಿಗೆ ನಾನು ಏನಾದರೂ ವ್ಯವಸ್ಥೆ ಮಾಡುತ್ತೇನೆ. ಅವಳಿಗೆ ಅನ್ವಯಿಸಿದ ನಿಯಮ ನಿಮಗೂ ಅನ್ವಯಿಸುತ್ತದೆ ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಆ ಕುರ್ಚಿ ನನಗೆ ಬೇಕಿತ್ತು. ಅವರ ಎದುರಿನ ಜಾಗ, ಅವರ ಬಾಯಿಂದ ಮಾತು ಹೊರಡುವ ಗಳಿಗೆ, ಎರಡೂ ನನಗೇ ಬೇಕಿತ್ತು.

ಕೊನೆಗೆ ಅವಳ ಕೈಕೆಳಗೇ ಕಲಿಯುವ ಕರ್ಮ ನನಗೆ. ಅಡಿಗೆಮನೆಯಲ್ಲಿ ಗೌತಮಿ ರೋಗಿಯಾಗಿ ಕೂರುತ್ತಿದ್ದಳು, ನಾನು ಚಿತ್ರ ತೋರಿಸುತ್ತಿದ್ದೆ. ಅವಳು ಬೇಕೆಂದೇ ‘ಲೋ’ ಎಂದು ನಿಲ್ಲಿಸುವಳು, ನನ್ನ ಬಾಯಿಂದ ‘ಟ’ ಹೊರಟೇ ಹೋಗುವುದು. ಅವರ ಪದವನ್ನು ನಾನು ಮುಗಿಸಬಾರದಂತೆ. ಜೀವಮಾನವೆಲ್ಲ ಅವರು ಶುರುಮಾಡಿದ್ದನ್ನು ಮುಗಿಸಿಕೊಂಡೇ ಬಂದವಳಿಗೆ ಇದೆಂಥ ಕಷ್ಟ ನೋಡಿ. ಆದರೂ ಹಟ ಹಿಡಿದು ತುಟಿ ಕಚ್ಚಿ ಕಾಯುವುದು ಕಲಿತೆ. ಸಿಕ್ಕಿಬಿದ್ದದ್ದು ಮೊದಲ ಹೆಜ್ಜೆಯಲ್ಲೇ. ಹೆಸರು. ಕುಕ್ಕರ್ ಕೂಗುವಾಗ ಅದರ ಸದ್ದಿನಲ್ಲಿ ಹೇಳಿ ನೋಡಿದೆ, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಹೇಳಿ ನೋಡಿದೆ. ತುಟಿ ಆಡುತ್ತಿತ್ತು, ದನಿ ಏಳುತ್ತಿರಲಿಲ್ಲ. ಗೌತಮಿಯ ಎದುರಂತೂ ಆ ಹೆಜ್ಜೆಯನ್ನು ಹಾರಿಸಿಬಿಡುತ್ತಿದ್ದೆ. ಅದನ್ನೂ ಮಾಡಬೇಕು ಕಣಮ್ಮ ಎಂದು ಅವಳು ಹೇಳಿದಾಗಲೆಲ್ಲ, ಆ ದಿನ ಬಂದಾಗ ಹೇಳುತ್ತೇನೆ ಹೋಗು ಎಂದು ದಬಾಯಿಸುತ್ತಿದ್ದೆ.

ಆ ದಿನ ಬಂತು. ಸಮನ್ವಿತಾ ಬಾಗಿಲ ಪಕ್ಕ ಕೂತಳು. ಗೌತಮಿ ಕಿಟಕಿಯ ಹತ್ತಿರ ದಿವಾನದ ಮೇಲೆ ಕೂತಳು. ಪಕ್ಕದ ಸೈಟಿನಲ್ಲಿ ಕಾಂಕ್ರೀಟ್ ಮಿಕ್ಸರ್ ಗುಡುಗುತ್ತಿತ್ತು, ಎದ್ದು ಕಿಟಕಿ ಮುಚ್ಚಿದವಳು ಅವಳೇ. ನಾನು ರೇಷ್ಮೆ ಅಂಚಿನ ಸೀರೆ ಉಟ್ಟು ಆ ಕುರ್ಚಿಯಲ್ಲಿ ಕೂತೆ. ಯಜಮಾನರು ಮಡಿಲಲ್ಲಿ ಬಲಗೈ ಇಟ್ಟುಕೊಂಡು ಟೀಪಾಯಿಯ ಕಡೆ ನೋಡುತ್ತಿದ್ದರು.

“ರೀ” ಎಂದೆ. ಅಲುಗಲಿಲ್ಲ. ಇನ್ನೊಂದು ಸಲ ರೀ ಎಂದೆ. ಮನೆಯಲ್ಲಿ ಫ್ಯಾನು ತಿರುಗುವ ಸದ್ದನ್ನು ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ, ನನ್ನ ರೀ ಅವರಿಗೆ ಹಾಗೇ ಆಗಿತ್ತು. ಸುಪ್ರೀತನ ಅಪ್ಪ ಎಂದೆ. ತಲೆ ಎತ್ತಿ ಬಾಗಿಲಲ್ಲಿ ಸುಪ್ರೀತನನ್ನು ಹುಡುಕಿದರು. ನನಗೆ ಕಿವಿಯವರೆಗೆ ಬಿಸಿಯಾಯಿತು. ಚಿತ್ರದ ಕಾರ್ಡನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡೆ.

ಸಮನ್ವಿತಾ ಮೆಲ್ಲಗೆ ಹೇಳಿದಳು. “ಆಂಟಿ, ಆಗದಿದ್ರೆ ಬಲವಂತ ಬೇಡ. ಗೌತಮಿನೇ ಮುಂದುವರಿಸ್ತಾಳೆ.”

ಗೌತಮಿ ದಿವಾನದ ಮೇಲೆ ಸ್ವಲ್ಪ ಮುಂದಕ್ಕೆ ಜರುಗಿದಳು. ಏಳುವುದಕ್ಕೋ, ಸುಮ್ಮನೆಯೋ, ದೇವರಿಗೇ ಗೊತ್ತು. ಅವಳು ಎದ್ದು ಬಂದು ಈ ಕುರ್ಚಿಯಲ್ಲಿ ಕೂರುತ್ತಾಳೆ, ಕರೆಯುತ್ತಾಳೆ, ಇವರು ನೋಡುತ್ತಾರೆ, ನಾನು ಮತ್ತೆ ಸೌಟು ಹಿಡಿದು ಬಾಗಿಲಲ್ಲಿ. ನನಗೆ ನೆತ್ತಿಗೇರಿತು.

“ಬಿಂದುಮಾಧವ” ಎಂದೆ.

‘ಸರ್’ ಇಲ್ಲ, ‘ಅವರೇ’ ಇಲ್ಲ, ಬರೀ ಹೆಸರು. ಯಜಮಾನರು ಚಟ್ಟನೆ ತಿರುಗಿದರು. ಕಿಟಕಿಯ ಕಡೆಗೆ, ಗೌತಮಿಯ ಕಡೆಗೆ. ಅವಳೇ ಕರೆದಳು ಎಂದುಕೊಂಡು ಅವಳ ಮುಖವನ್ನೇ ನೋಡುತ್ತಾ ಕೂತರು. ಪ್ರಾಣ ಹೋದರೂ ಹೇಳುವುದಿಲ್ಲ ಎಂದು ಕಾಪಾಡಿಕೊಂಡು ಬಂದದ್ದನ್ನು ಕೊಟ್ಟೆ, ಅದೂ ಅವಳ ಲೆಕ್ಕಕ್ಕೇ ಹೋಯಿತು. ಗೌತಮಿ ಕಣ್ಣು ತಗ್ಗಿಸಿ ನನ್ನ ಕಡೆಗೆ ಬೆರಳು ತೋರಿಸಿದಳು. ಅವಳು ತೋರಿಸಿಕೊಟ್ಟು ಇವರು ನನ್ನನ್ನು ನೋಡಬೇಕೆ? ಕಾರ್ಡನ್ನು ಟೀಪಾಯಿಯ ಮೇಲೆ ಕುಕ್ಕಿ, ಮಂಡಿಯ ಮೇಲೆ ಕೈಯೂರಿ ಬಾಗಿ, ಎರಡನೆಯ ಸಲ ಕರೆದೆ.

“ಬಿಂದುಮಾಧವ. ಇಲ್ಲಿ. ನಾನು ಕರೀತಿರೋದು.”

ತಿರುಗಿದರು. ನನ್ನನ್ನು ನೋಡಿದರು, ನನ್ನ ಬಾಯಿಯನ್ನು ನೋಡಿದರು. ಹುಬ್ಬು ಮೇಲೇರಿತು. ಬೈಯುತ್ತಾರೆ ಎಂದುಕೊಂಡೆ, ಬೈದರೆ ಬೈಯಲಿ. ಅವರ ಓರೆಬಾಯಿ ಅಲುಗಿತು, ಕುತ್ತಿಗೆಯ ನರ ಬಿಗಿಯಿತು. ಪದ ಹೊರಗೆ ಬರಲು ಒದ್ದಾಡುತ್ತಿತ್ತು. ಮುಗಿಸಿಕೊಡೋಣವೆಂದರೆ ಯಾವ ಪದವೆಂದು ನನಗೂ ಗೊತ್ತಿಲ್ಲ. ತುಟಿ ಕಚ್ಚಿಕೊಂಡು ಕಾದೆ.

“ಇನ್... ಇನ್ನೊಂದ್ಸಲ” ಎಂದರು.

ಸಮನ್ವಿತಾ ಗೌತಮಿಯ ಕಡೆ ತಿರುಗಿ, ಈ ಮಾತು ಪಾಠದಲ್ಲಿಲ್ಲವಲ್ಲ, ನೀನು ಹೇಳಿಕೊಟ್ಟೆಯಾ ಎಂದು ಕೇಳಿದಳು. ಗೌತಮಿ ಇಲ್ಲ ಎಂದು ತಲೆಯಾಡಿಸಿದಳು. ಯಜಮಾನರು ಅವಳ ಕಡೆ ನೋಡಲೇ ಇಲ್ಲ. ಎಡಗೈ ಚಾಚಿ ನನ್ನ ಮಣಿಕಟ್ಟು ಹಿಡಿದುಕೊಂಡು, ನಾನು ಎಲ್ಲಿ ಎದ್ದು ಹೋಗುತ್ತೇನೋ ಎಂಬಂತೆ ಬಿಗಿಯಾಗಿ ಹಿಡಿದುಕೊಂಡು ಕಾಯುತ್ತಿದ್ದರು.

ನನಗೆ ಅಳು ಉಕ್ಕಿ ಬಂತು. ಜೊತೆಗೆ ನಾಚಿಕೆ ಬೇರೆ, ಈ ವಯಸ್ಸಿನಲ್ಲಿ. ನೀವಿಬ್ಬರೂ ಸ್ವಲ್ಪ ಆಚೆ ಹೋಗಿ ಎಂದೆ. ಹೋಗುವ ಹಾಗಿಲ್ಲ ಆಂಟಿ, ಮುಗಿಯುವವರೆಗೆ ನಾನು ಕೂತು ನೋಡಲೇಬೇಕು ಎಂದಳು ಸಮನ್ವಿತಾ. ಅವಳ ಕಣ್ಣೂ ಒದ್ದೆಯಾಗಿತ್ತು.

ಗೌತಮಿ ಮಾತ್ರ ನನ್ನ ಕೈ ಹಿಡಿದಿದ್ದ ಆ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ತನಗೆ ತಾನೇ ಅಂದುಕೊಳ್ಳುವ ಹಾಗೆ, “ನಾನು ದಿನಾ ಕರೀತಿದ್ದೆ. ನನ್ನನ್ನ ಒಂದು ದಿನಾನೂ ಹಿಂಗೆ ಕೇಳ್ಲಿಲ್ಲ” ಎಂದಳು.

ಅವಳ ಮುಖ ನೋಡಿದೆ. ಕೆಳತುಟಿ ಹಲ್ಲಿಗೆ ಸಿಕ್ಕಿತ್ತು, ಕಣ್ಣು ಆ ಕೈಯಿಂದ ಕೀಳಲಾಗದೆ ನಿಂತಿತ್ತು. ಅಷ್ಟು ತಿಂಗಳು ನನ್ನೊಳಗೆ ಉರಿದದ್ದು ಏನೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಈಗ ಅದು ಅವಳ ಮುಖದಲ್ಲಿತ್ತು. ಒಳ್ಳೆಯ ಹುಡುಗಿ, ಕಷ್ಟಪಟ್ಟು ಕಲಿತವಳು, ನನ್ನ ಗಂಡನಿಗೆ ಮಾತು ಬರಿಸಿದವಳು. ಕನಿಕರ ಬರಬೇಕಿತ್ತು. ಬರಲಿಲ್ಲ, ಸುಳ್ಳೇಕೆ ಹೇಳಲಿ, ಸಂತೋಷವಾಯಿತು.

ಯಜಮಾನರ ಕಡೆ ತಿರುಗಿ, ಗಂಟಲು ಸರಿಮಾಡಿಕೊಂಡು, ಕಿಟಕಿಯ ಹತ್ತಿರ ಕೂತವಳಿಗೂ ಚೆನ್ನಾಗಿ ಕೇಳುವ ಹಾಗೆ ಮತ್ತೊಂದು ಸಲ ಕರೆದೆ.